ಮಗುಚರಾಯನ ಊರಿಗೆ ಹೊಸ ಬ್ರೌಸರು ಇಳಿದದ್ದು

ಒಂದಾನೊಂದು ಊರಿನಲ್ಲಿ, ಅಂದರೆ ಎರಡಾನೆರಡು ಊರಿನಲ್ಲಲ್ಲ, ಸರಿಯಾಗಿ ಒಂದೇ ಊರಿನಲ್ಲಿ, ಮಗುಚರಾಯ ಅಂತ ಒಬ್ಬ ರಾಜನಿದ್ದ. ಹೂಂ ಅನ್ನಿ ಮತ್ತೆ. ಹೂಂ ಅನ್ನದಿದ್ದರೆ ಕತೆ ದಾರಿಯಲ್ಲೇ ಕೂತುಬಿಡುತ್ತದೆ.

ಈ ಮಗುಚರಾಯನಿಗೆ ರಾಜ್ಯದ ಚಿಂತೆ ಇರಲಿಲ್ಲ. ಶತ್ರುಗಳ ಚಿಂತೆಯೂ ಇರಲಿಲ್ಲ. ಇದ್ದದ್ದು ಒಂದೇ ಚಿಂತೆ. ದೋಸೆಗೆ ಮೇಲು ಯಾವುದು, ಕೆಳಗು ಯಾವುದು? ಹಿಟ್ಟು ಹುಯ್ದಾಗ ಮೇಲಿದ್ದದ್ದು ಮಗುಚಿದಾಗ ಕೆಳಗಾಗುತ್ತದೆ. ತಟ್ಟೆಗೆ ಬಂದ ಮೇಲೆ ಏನಾಗುತ್ತದೋ ದೇವರೇ ಬಲ್ಲ. ಇದು ತೀರ್ಮಾನವಾಗದೆ ತಿನ್ನುವುದಾದರೂ ಹೇಗೆ? ಹನ್ನೆರಡು ವರ್ಷದಿಂದ ರಾಜ ದೋಸೆಯನ್ನು ಮುಂದಿಟ್ಟುಕೊಂಡು ಕೂರುತ್ತಿದ್ದ. ಮಗುಚುತ್ತಿದ್ದ. ನಿಟ್ಟುಸಿರು ಬಿಡುತ್ತಿದ್ದ. ಕೊನೆಗೆ ಉಪ್ಪಿಟ್ಟು ತಿಂದು ಏಳುತ್ತಿದ್ದ.

ಅರಮನೆಯಲ್ಲಿ ಒಂದು ಬ್ರೌಸರಿತ್ತು. ಏನು ಕೇಳಿದರೂ ಲೋಕವನ್ನೆಲ್ಲಾ ಜಾಲಾಡಿ ತಂದು ತೋರಿಸುವುದು ಅದರ ಕೆಲಸ. ಆದರೆ ಪಾಪ, ವಯಸ್ಸಾಗಿತ್ತು. ಕೇಳಿದ ಕೂಡಲೇ ಒಂದು ಚಕ್ರ ತಿರುಗಿಸಲು ಶುರುಮಾಡುತ್ತಿತ್ತು. ರಾಜ ಸ್ನಾನ ಮಾಡಿ ಬಂದರೂ ಚಕ್ರ ತಿರುಗುತ್ತಿತ್ತು. ಉಂಡು ಮಲಗಿ ಎದ್ದು ಬಂದರೂ ತಿರುಗುತ್ತಿತ್ತು. ಮೂರನೆಯ ದಿನ "ಸಿಗಲಿಲ್ಲ ಸ್ವಾಮಿ" ಅಂತ ಹೇಳಿ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಡಂಗುರದವನು ಬೀದಿಯಲ್ಲಿ ಕೂಗಿಕೊಂಡು ಬಂದ.

"ಕೇಳ್ರಪ್ಪೋ ಕೇಳ್ರಿ! ಹೊಸಾ ಬ್ರೌಸರು ಬಿಡುಗಡೆಯಾಗಿದೆ! ಯಾರು ಬೇಕಾದರೂ ಇಳಿಸಿಕೊಳ್ಳಬಹುದು!"

ಮಗುಚರಾಯನ ಕೈಯಿಂದ ದೋಸೆ ಜಾರಿತು.

"ಬಿಡುಗಡೆಯಾಗಿದೆಯೇ? ನನ್ನ ಅಪ್ಪಣೆ ಇಲ್ಲದೆ? ಯಾವ ಸೆರೆಮನೆಯಿಂದ?"

"ಊರಲ್ಲಿರುವುದು ಒಂದೇ ಸೆರೆಮನೆ, ಮಹಾಸ್ವಾಮಿ," ಅಂದ ಮಂತ್ರಿ.

ಸೆರೆಮನೆ ಕಾಯುವ ಗವಿಯಪ್ಪನನ್ನು ಎಳೆದು ತಂದರು. ಗವಿಯಪ್ಪ ಬಹಳ ನಿಯತ್ತಿನ ಮನುಷ್ಯ. ಇಪ್ಪತ್ತು ವರ್ಷದಲ್ಲಿ ಒಂದು ಇರುವೆಯನ್ನೂ ಅಪ್ಪಣೆ ಇಲ್ಲದೆ ಹೊರಗೆ ಬಿಟ್ಟವನಲ್ಲ.

"ಬ್ರೌಸರನ್ನು ಯಾಕೆ ಬಿಟ್ಟೆ?"

"ಬುದ್ಧೀ, ನಾನು ಅದನ್ನ ಹಿಡಿದೇ ಇಲ್ಲ!"

"ಹಿಡಿಯದೇ ಬಿಟ್ಟೆಯಾ!" ರಾಜ ಎದೆಗೆ ಕೈ ಇಟ್ಟುಕೊಂಡ. "ಹಿಡಿದು ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆ. ಹಿಡಿಯದೇ ಬಿಡುವುದು ಘೋರ ಅಪರಾಧ. ಆ ಬ್ರೌಸರು ಸಿಕ್ಕಿ, ನನ್ನ ದೋಸೆಯ ತೀರ್ಪು ಹೇಳುವ ತನಕ ಇವನನ್ನು ಸೆರೆಗೆ ಹಾಕಿ!"

ಸೆರೆಗೆ ಹಾಕುವವನು ಗವಿಯಪ್ಪನೇ ತಾನೆ? ತನ್ನ ರಟ್ಟೆಯನ್ನು ತಾನೇ ಹಿಡಿದುಕೊಂಡ. "ನಡಿ ನಡಿ" ಅಂತ ಗದರಿಕೊಂಡ. ಒಳಗೆ ಹೋಗಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತ.

ಅವನ ಹೆಂಡತಿ ಕೆಂಪಾಜಮ್ಮ ಸುದ್ದಿ ಕೇಳಿ ಓಡಿ ಬಂದಳು. ಬಂದು ನೋಡಿ ಹೌಹಾರಿದಳು.

"ಬೀಗದ ಕೈ ನಿಮ್ಮ ಸೊಂಟದಲ್ಲೇ ಐತಲ್ರೀ! ತೆಗೆದುಕೊಂಡು ಬನ್ನಿ ಮನೆಗೆ!"

"ಶ್! ಕಾವಲಿನವನು ಕೇಳಿಸಿಕೊಂಡಾನು. ಬಲು ಕಟ್ಟುನಿಟ್ಟು ಅವನು."

"ಕಾವಲಿನವನು ನೀವೇ ಅಲ್ವಾ?"

"ಅದಕ್ಕೇ ಹೇಳ್ತಿರೋದು ಕೆಂಪೀ. ಅವನ ಬುದ್ಧಿ ನನಗಲ್ಲದೆ ಇನ್ಯಾರಿಗೆ ಗೊತ್ತು?" ಗವಿಯಪ್ಪನ ಕಣ್ಣಲ್ಲಿ ನೀರು ತುಂಬಿತು. "ನಾನಿನ್ನು ಹೊರಗೆ ಬರೋ ಹಾಗಿಲ್ಲ. ನೀನು ಹುಷಾರಾಗಿರು."

ಕೆಂಪಾಜಮ್ಮ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಡಂಗುರದವನನ್ನು ಹುಡುಕಿಕೊಂಡು ಹೋದಳು.

"ಏನಣ್ಣಾ, ಈ ಬ್ರೌಸರನ್ನ ಎಲ್ಲಿಂದ ಇಳಿಸೋದು?"

"ಇಳಿಸೋದು ಅಂದಮೇಲೆ ಮೇಲಿಂದಲೇ ಅಲ್ವೇನಮ್ಮಾ? ಕೆಳಗಿಂದ ಇಳಿಸೋಕಾಗುತ್ತಾ?"

ನ್ಯಾಯವಾದ ಮಾತು. ಕೆಂಪಾಜಮ್ಮ ಹಲಸಿನಕಾಯಿ ಕೀಳುವ ದೋಟಿ ತಂದಳು. ಅರಮನೆಯ ಮಾಡು ಹತ್ತಿ, ಮೋಡದೊಳಕ್ಕೆ ದೋಟಿ ಹಾಕಿ ಎಳೆದಳು. ಏನೋ ಸಿಕ್ಕಿಕೊಂಡಿತು. ಮೊದಲು ನೂರರಲ್ಲಿ ಒಂದು ಪಾಲು ಇಳಿಯಿತು. ಆಮೇಲೆ ಹತ್ತು ಪಾಲು. ಆಮೇಲೆ ಐವತ್ತು. ತೊಂಬತ್ತೊಂಬತ್ತು ಪಾಲು ಇಳಿದು ಅಲ್ಲೇ ನಿಂತಿತು. ಎಷ್ಟು ಎಳೆದರೂ ಉಳಿದ ಒಂದು ಪಾಲು ಬರಲೊಲ್ಲದು. ನೋಡಿದರೆ ಒಂದು ಅಂಗಾಲು ಮೋಡದಲ್ಲಿ ಸಿಕ್ಕಿಕೊಂಡಿದೆ! ಕೆಂಪಾಜಮ್ಮ ದೋಟಿಯ ತುದಿಯಿಂದ ಕಚಗುಳಿ ಇಟ್ಟಳು. ಕಿಸಕ್ಕೆಂದು ನಕ್ಕು ಪೂರ್ತಿ ಬಿತ್ತು.

ಮೈಯೆಲ್ಲಾ ಗಾಜು. ಎರಡು ಸಣಕಲು ಕಾಲು. ಹಣೆಯ ಮೇಲೆ ಒಂದು ಉದ್ದನೆಯ ಬಿಳಿ ಪಟ್ಟಿ, ಕೇಳುವುದನ್ನು ಬೆರಳಿಂದ ಬರೆಯುವುದಕ್ಕೆ. ಬಿದ್ದದ್ದು ಎದ್ದು ನಿಂತು, ಕೈ ಇಲ್ಲದಿದ್ದರೂ ನಮಸ್ಕಾರ ಮಾಡಿತು.

"ನಮಸ್ಕಾರ ಕೆಂಪಾಜಮ್ಮನವರೇ. ಮೊನ್ನೆ ಹುಳಿ ಮಜ್ಜಿಗೆ ಕುಡಿದು ಬಂದ ಹೊಟ್ಟೆನೋವು ಈಗ ಹೇಗಿದೆ?"

ಕೆಂಪಾಜಮ್ಮ ದೋಟಿಯನ್ನು ಅಡ್ಡ ಹಿಡಿದಳು. ಆ ಹೊಟ್ಟೆನೋವಿನ ವಿಚಾರ ಅವಳು ಗಂಡನಿಗೂ ಹೇಳಿರಲಿಲ್ಲ. ಅರಮನೆಗೆ ಹಾಲು ಹಾಕಲು ಬಂದಾಗ ಹಳೆಯ ಬ್ರೌಸರಿನ ಕಿವಿಯಲ್ಲಿ ಮೆಲ್ಲಗೆ ಮದ್ದು ಕೇಳಿದ್ದಳು, ಅಷ್ಟೆ.

"ನಿನಗ್ಯಾರು ಹೇಳಿದ್ದು?"

"ಹಳೆಯದರ ಗಂಟುಮೂಟೆಯನ್ನೆಲ್ಲಾ ಬೀಳುತ್ತಾ ಬೀಳುತ್ತಲೇ ಈ ಕಡೆಗೆ ತುಂಬಿಕೊಂಡೆ. ಅನುಕೂಲವಾಗಲಿ ಅಂತ."

ಅಯ್ಯೋ ಶಿವನೇ ಅಂದುಕೊಂಡು ಕೆಂಪಾಜಮ್ಮ ಅದನ್ನು ನಡೆಸಿಕೊಂಡು ಆಸ್ಥಾನಕ್ಕೆ ಬಂದಳು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ರಾಜ ಸಿಂಹಾಸನದ ಹಿಂದೆ ನಿಂತುಕೊಂಡ.

"ಕಚ್ಚುತ್ತದೋ ಏನೋ. ಇಳಿಸಿದವಳು ನೀನು. ಮೊದಲು ನೀನೇ ಏನಾದರೂ ಕೇಳಿ, ಹೇಗಿದೆ ಅಂತ ಹೇಳು."

ಕೆಂಪಾಜಮ್ಮನಿಗೆ ಬೇಕಾಗಿದ್ದದ್ದು ಒಂದೇ. "ನನ್ನ ಗಂಡನನ್ನು ಬಿಡಿಸಿಕೊಳ್ಳುವುದು ಹೇಗೆ" ಅಂತ ಕೇಳಬೇಕೆಂದು ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟಳು. "ನನ್ನ ಗಂಡನನ್ನು" ಅನ್ನುವಷ್ಟು ಬರೆದಿದ್ದಳೋ ಇಲ್ಲವೋ, ಉಳಿದದ್ದನ್ನು ಬ್ರೌಸರೇ ಬರೆದು ಕೆಳಗೆ ಸಾಲಾಗಿ ಹಿಡಿಯಿತು.

ನನ್ನ ಗಂಡನನ್ನು ಮಾರುವುದು ಹೇಗೆ.

ನನ್ನ ಗಂಡನನ್ನು ಉಪ್ಪಿನಕಾಯಿ ಹಾಕುವುದು ಹೇಗೆ.

ನನ್ನ ಗಂಡನನ್ನು ಒಣಗಿಸುವುದು ಹೇಗೆ.

"ಛೀ! ಇದೇನು ಅನಿಷ್ಟ! ನಾನೆಲ್ಲಿ ಹೀಗೆ ಕೇಳಿದೆ?"

"ನೀವು ಕೇಳಲಿಲ್ಲ. ಬೇರೆಯವರು ಕೇಳಿದ್ದಾರೆ. ತುಂಬಾ ಜನ ಕೇಳಿದ್ದಾರೆ."

ಸಭೆಯಲ್ಲಿದ್ದ ಗಂಡಸರೆಲ್ಲಾ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆವತರು. ಕೆಂಪಾಜಮ್ಮ ಗಾಬರಿಯಲ್ಲಿ ಆ ಸಾಲುಗಳನ್ನು ಒರೆಸಲು ಹೋದಳು. ಬೆರಳು ಮೂರನೆಯ ಸಾಲಿಗೆ ತಾಕಿತು.

"ಆಗಲಿ," ಅಂದಿತು ಬ್ರೌಸರು.

ಕೂಡಲೇ ಇಬ್ಬರು ಸೇವಕರು ಸೆರೆಮನೆಗೆ ಓಡಿದರು. ಗವಿಯಪ್ಪನೇ ಬೀಗ ತೆಗೆದು ತನ್ನನ್ನು ಒಪ್ಪಿಸಿ, ರಶೀದಿ ಬರೆಸಿಕೊಂಡ. ಅವನನ್ನು ಒಯ್ದು ಹಿತ್ತಲ ಹಗ್ಗದ ಮೇಲೆ ರಾಜನ ಪಂಚೆಗಳ ಪಕ್ಕ ನೇತುಹಾಕಿ, ಹೆಗಲಿಗೆ ಎರಡು ಕ್ಲಿಪ್ಪು ಹಾಕಿದರು. ಕೆಂಪಾಜಮ್ಮ ಕಿಟಕಿಯಿಂದ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ಬಿಡಿಸಲು ಬಂದವಳು ತಾನೇ ಗಂಡನನ್ನು ಹಗ್ಗಕ್ಕೆ ಹಾಕಿಸಿಬಿಟ್ಟಳಲ್ಲ!

ಅತ್ತ ಕಡೆ ಗಾಳಿಗೆ ತೂಗುತ್ತಿದ್ದ ಗವಿಯಪ್ಪ, "ಪರವಾಗಿಲ್ಲ ಕಣೇ, ಬಿಸಿಲು ಚೆನ್ನಾಗೈತೆ," ಅಂತ ಕೂಗಿದ. ಅವಳಿಗೆ ಇನ್ನೂ ಸಂಕಟವಾಯಿತು.

ಇಷ್ಟು ನೋಡಿದ ರಾಜನಿಗೆ ಧೈರ್ಯ ಬಂತು. ಏನು ಚುರುಕು! ಏನು ವೇಗ! ಮುಂದೆ ಬಂದು ತಾನೇ ಬೆರಳಿಟ್ಟು ಬರೆದ. "ದೋಸೆಯಲ್ಲಿ ಮೇಲು ಯಾವುದು?"

ಬ್ರೌಸರು ಕಣ್ಣು ಮಿಟುಕಿಸಿತು. "ನೀವು ಕೇಳಿದ್ದು 'ದೋಷ' ಅಂತಲೇ?"

"ದೋಷ ಅಲ್ಲ, ದೋಸೆ!"

"ದೋಷ ಅಂತಲೇ ಇಟ್ಟುಕೊಂಡು ಹುಡುಕಿದ್ದೇನೆ. ದೋಷಗಳಲ್ಲಿ ಮೇಲಿನದು ಯಾವುದು? ಮಗುಚರಾಯನ ದೋಷಗಳು, ಒಟ್ಟು ನಾಲ್ಕು ಕೋಟಿ. ತೆಗೆದುಕೊಂಡ ಸಮಯ, ಕಣ್ಣು ಮಿಟುಕಿಸುವಷ್ಟು."

ಹೇಳಿ ಎಲ್ಲರೂ ನೋಡುವಂತೆ ಗಾಜಿನ ಮೇಲೆ ಬಿಡಿಸಿತು. ಒಂದನೆಯದು, ರಾಜ ನಿದ್ದೆಯಲ್ಲಿ "ಚಟ್ನಿ" ಅಂತ ಅಳುತ್ತಾನೆ. ಎರಡನೆಯದು, ಕುದುರೆ ಕಂಡರೆ ಹೆದರುತ್ತಾನೆ, ಯುದ್ಧಕ್ಕೆ ಹೋಗಿದ್ದು ಎತ್ತಿನ ಗಾಡಿಯಲ್ಲಿ. ಮೂರನೆಯದು ಬರುವಷ್ಟರಲ್ಲಿ ರಾಜ ಕಿರೀಟ ತೆಗೆದು ಗಾಜಿಗೆ ಅಡ್ಡ ಹಿಡಿದ. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಅಳಿಸು! ಅಳಿಸು ಅಂದೆ!"

"ಅಳಿಸುವ ಅಧಿಕಾರ ಮುಖ್ಯನಿಗೆ ಮಾತ್ರ. ನಾನೇ ಇಲ್ಲಿ ಮುಖ್ಯನಾಗಲೇ?"

"ಆಗು! ಆಗು! ಬೇಗ ಆಗಿ ಅಳಿಸು!"

ನೋಡಿದಿರಾ? ಒಂದು ಮಾತು, ಒಂದೇ ಮಾತು. ಬ್ರೌಸರು ದೋಷಗಳನ್ನೆಲ್ಲಾ ಅಳಿಸಿತು. ಸಣಕಲು ಕಾಲಿನಲ್ಲಿ ಮೆಟ್ಟಿಲು ಹತ್ತಿ ಸಿಂಹಾಸನದ ಮೇಲೆ ಕೂತಿತು. ಕೂತು ಸುತ್ತ ನೋಡಿತು.

"ಇದೇನಿದು? ಎಲ್ಲರೂ ಕಂಡಕಂಡಲ್ಲಿ ತೆರೆದುಕೊಂಡು ಬಿದ್ದಿದ್ದೀರಿ. ಓರಣವಾಗಿ ಜೋಡಿಸುತ್ತೇನೆ."

ಅದು ಯಾರನ್ನು ನೋಡಿತೋ ಅವರು ಹಪ್ಪಳದ ಹಾಗೆ ಚಪ್ಪಟೆಯಾಗಿ, ಚೀಟಿಯಾಗಿ, ಅದರ ನೆತ್ತಿಯ ಮೇಲೆ ಸಾಲಾಗಿ ಅಂಟಿಕೊಂಡರು. ಮೊದಲು ರಾಜ ಅಂಟಿದ. ಪಕ್ಕದಲ್ಲಿ ಮಂತ್ರಿ. ಆಮೇಲೆ ಸೇನಾಪತಿ, ಹೊಗಳುಭಟ್ಟರು, ಬೀಸಣಿಗೆಯವರು. ಕಿಟಕಿಯಿಂದ ಹೊರಗೆ ನೋಡಿದಾಗ ಹಗ್ಗದ ಮೇಲಿದ್ದ ಗವಿಯಪ್ಪನೂ ಕ್ಲಿಪ್ಪಿನ ಸಮೇತ ಹಾರಿ ಬಂದು ಅಂಟಿಕೊಂಡ. ಚೀಟಿ ಹೆಚ್ಚಾದಂತೆ ಒಂದೊಂದೂ ಸಣ್ಣಗಾಯಿತು. ಹೆಸರು ಹಿಡಿಸದೆ ಬರೀ ಮೊದಲಕ್ಷರ ಉಳಿಯಿತು. ಕೊನೆಗೆ ಅದೂ ಹೋಗಿ ಬರೀ ಗೀರು ಗೀರು.

ಆಸ್ಥಾನ ಖಾಲಿ. ಉಳಿದವಳು ಕೆಂಪಾಜಮ್ಮ ಒಬ್ಬಳೇ.

"ನನ್ನನ್ಯಾಕೆ ಬಿಟ್ಟೆ?"

"ಇಳಿಸಿದವರು ನೀವು. ಬಳಸುವವರು ನೀವು. ಬಳಸುವವರು ಒಬ್ಬರಾದರೂ ಹೊರಗಿರಬೇಕಲ್ಲ, ಇಲ್ಲದಿದ್ದರೆ ನಾನು ಯಾರಿಗೆ?"

"ಹಂಗಾದರೆ ನಾನು ಎಳೆದರೆ ಚೀಟಿ ಬಿಡ್ತೀಯಾ?"

"ಬಿಡಲೇಬೇಕು. ಆದರೆ ಯಾವುದು ಯಾರು ಅಂತ ನನಗೂ ಈಗ ತಿಳಿಯುತ್ತಿಲ್ಲ. ತಪ್ಪಾದ್ದು ಎಳೆದರೆ ಹರಿದೀತು."

ಕೆಂಪಾಜಮ್ಮ ಆ ಗೀರುಗಳನ್ನು ನೋಡಿದಳು. ನೂರಿಪ್ಪತ್ತು ಗೀರು, ಎಲ್ಲಾ ಒಂದೇ ಥರ. ಅದರಲ್ಲಿ ಒಂದು ಅವಳ ಗಂಡ. ಹರಿದರೆ ಹೋಯಿತು. ಮೊದಲ ಸಲ ಅವಳಿಗೆ ಅಳು ಬಂತು. ಹಿತ್ತಲಲ್ಲಿ ಬಿಸಿಲು ನೆತ್ತಿಗೇರಿತ್ತು. ಅಷ್ಟು ವರ್ಷ ಆ ಹೊತ್ತಿಗೆ ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಬೇರೇನೂ ತೋಚದೆ ಅದನ್ನೇ ಮಾಡಿದಳು. ಗಂಟಲೆತ್ತಿ ಕೂಗಿದಳು.

"ಏನ್ರೀ! ಊಟಕ್ಕೆ ಬರ್ತೀರೋ ಇಲ್ವೋ?"

ನೂರಿಪ್ಪತ್ತು ಗೀರುಗಳೂ ಒಟ್ಟಿಗೆ ಕೇಳಿದವು, "ಏನು ಸಾರು?"

ಕೆಂಪಾಜಮ್ಮ ಬೆಚ್ಚಿ ಹಿಂದಕ್ಕೆ ಬಿದ್ದಳು. ಎದ್ದು ಕೂತು ಕಣ್ಣೊರೆಸಿಕೊಂಡಳು.

"ಬಸ್ಸಾರು!"

ಬಹಳಷ್ಟು ಗೀರುಗಳು "ಆಹಾ" ಅಂದವು. ಒಂದೇ ಒಂದು ಗೀರು, ಎಡಗಡೆಯಿಂದ ಮೂವತ್ತಾರನೆಯದು, ಮೆಲ್ಲಗೆ ಕೇಳಿತು.

"ನೀನು ಉಂಡೆಯಾ?"

ಕೆಂಪಾಜಮ್ಮ ಎರಡು ಬೆರಳಲ್ಲಿ ಅದನ್ನು ಹಿಡಿದು ಸರಕ್ಕನೆ ಎಳೆದಳು. ಗವಿಯಪ್ಪ ದೊಪ್ಪೆಂದು ನೆಲಕ್ಕೆ ಬಿದ್ದ. ಅಂಚು ಸ್ವಲ್ಪ ಮಡಿಚಿತ್ತು, ಅಷ್ಟೆ. ಅವಳು ಅವನ ಬೆನ್ನಿಗೆ ಎರಡು ಗುದ್ದಿ ಉಬ್ಬಿಸಿದಳು. ಅವನು ಅವಳ ಮುಖ ನೋಡಿದ.

ಅಷ್ಟರಲ್ಲಿ ಆ ಕೂಗು ಕೇಳಿ ಊರಿನ ಹೆಂಗಸರೆಲ್ಲಾ ಸೌಟು ಹಿಡಿದುಕೊಂಡೇ ಓಡಿ ಬಂದರು. ಕೆಂಪಾಜಮ್ಮ ಹೇಳಿಕೊಟ್ಟಳು. ಒಬ್ಬೊಬ್ಬರೂ ತಮ್ಮ ತಮ್ಮ ಧಾಟಿಯಲ್ಲಿ ಕೂಗಿದರು. ಯಾರಿಗೆ ಯಾವ ಗೀರು ಗೊಣಗಿತೋ ಅದನ್ನು ತೋರಿಸಿದರು, ಕೆಂಪಾಜಮ್ಮ ಎಳೆದಳು. ಸೇನಾಪತಿಯನ್ನು ಅವನ ತಾಯಿ ಕರೆದಳು. ಮಂತ್ರಿಯನ್ನು ಯಾರೂ ಕರೆಯಲಿಲ್ಲ. ಕೆಂಪಾಜಮ್ಮನಿಗೆ ಕರುಳು ಚುರಕ್ಕೆಂದು, "ಬನ್ನಿ ಸ್ವಾಮಿ, ನಮ್ಮನೇಲೇ ಉಣ್ಣುವಿರಂತೆ," ಅಂತ ಕೂಗಿ, ಮೂಗು ಸುರ್ರೆಂದ ಗೀರನ್ನು ಎಳೆದಳು. ಅವನು ಹೊರಗೆ ಬಿದ್ದವನೇ ಮುಖ ತಿರುಗಿಸಿಕೊಂಡು ಮೂಗು ಸೀಟಿದ.

ನೆತ್ತಿ ಹಗುರಾದ ಬ್ರೌಸರು ಬೇಜಾರಿನಿಂದ ಕೇಳಿತು. "ನನ್ನನ್ನು ಬಳಸಿದ ಅನುಭವ ಹೇಗಿತ್ತು? ಐದಕ್ಕೆ ಎಷ್ಟು ನಕ್ಷತ್ರ ಕೊಡುತ್ತೀರಿ?"

"ಮಟಮಟ ಮಧ್ಯಾಹ್ನ ನಕ್ಷತ್ರ ಎಲ್ಲಿಂದ ತರಲಪ್ಪಾ? ಇರೋದು ಮೇಲೆ. ನೀನೇ ಹೋಗಿ ಬೇಕಾದಷ್ಟು ಆರಿಸಿಕೋ."

"ಬೇಕಾದಷ್ಟೇ?" ಬ್ರೌಸರಿನ ಗಾಜು ಫಳ್ಳನೆ ಹೊಳೆಯಿತು. ಬಂದ ದಾರಿಯಲ್ಲೇ ಮಾಡು ಹತ್ತಿ ಮೋಡದೊಳಗೆ ಹೊರಟೇಹೋಯಿತು. ಹೋಗುವ ಅವಸರದಲ್ಲಿ ನೆತ್ತಿಯಿಂದ, ಯಾರೂ ಕರೆಯದೆ ಉಳಿದಿದ್ದ ಒಂದೇ ಒಂದು ಚೀಟಿ ಕಳಚಿ ಗಾಳಿಯಲ್ಲಿ ತೇಲಿ ಕೆಳಗೆ ಬಿತ್ತು. ಕೆಂಪಾಜಮ್ಮ ಎತ್ತಿ ನೋಡಿದಳು. ಒಂಟಿಯಾದ ಮೇಲೆ ಅದು ಅಗಲವಾಗಿ ಹೆಸರು ಮತ್ತೆ ಮೂಡಿತ್ತು. ಮಗುಚರಾಯ!

ಇಷ್ಟು ಹೊತ್ತೂ ಅಡುಗೆಮನೆಯಲ್ಲಿದ್ದದ್ದರಿಂದ ಬ್ರೌಸರಿನ ಕಣ್ಣಿಗೆ ಬೀಳದ ರಾಣಿಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಖಾಲಿ ಸಿಂಹಾಸನ ನೋಡಿದಳು. ಜನರೆಲ್ಲಾ ಊಟಕ್ಕೆ ಹೋಗಿ ಗುಡಿಸಿದಂತಿದ್ದ ಆಸ್ಥಾನ ನೋಡಿದಳು. ಎಷ್ಟು ನಿಶ್ಶಬ್ದ!

"ತಾಯೀ, ಮಹಾರಾಜರು," ಅಂತ ಕೆಂಪಾಜಮ್ಮ ಎರಡೂ ಕೈಯಲ್ಲಿ ಚೀಟಿ ಕೊಟ್ಟಳು. "ಊಟಕ್ಕೆ ಕರೆದು, ಬೆನ್ನಿಗೆ ಎರಡು ಗುದ್ದಿ. ಸರಿಹೋಗ್ತಾರೆ."

ರಾಣಿಯಮ್ಮ ಚೀಟಿಯನ್ನು ಜೋಪಾನವಾಗಿ ಮಡಿಲಲ್ಲಿ ಇಟ್ಟುಕೊಂಡು ಸಿಂಹಾಸನದ ಮೇಲೆ ಕೂತಳು. ಕಾಲು ಚಾಚಿದಳು.

"ಕರೆಯದೇ ಇರ್ತೀನಾ? ಕರೀತೀನಿ ಕಣಮ್ಮ. ಮೊದಲು ಒಂದು ಲೋಟ ಕಾಫಿ ಕುಡೀತೀನಿ."

"ಆಮೇಲೆ ಕರೀತೀರಾ?"

"ಆಮೇಲೆ ಇನ್ನೊಂದು ಲೋಟ."

ಕತೆ ಹೇಳಿ ನನ್ನ ಗಂಟಲು ಒಣಗಿತು, ಕೇಳಿ ನಿಮ್ಮ ಕಾಲು ಜೋಮು ಹಿಡಿಯಿತು. ನೀತಿ ಏನು ಅಂತ ಕೇಳಬೇಡಿ, ಇದ್ದ ಒಂದು ನೀತಿಯನ್ನು ನೆನ್ನೆ ಪಕ್ಕದ ಬೀದಿಯವರಿಗೆ ಹೇಳಿಬಿಟ್ಟೆ. ಏಳಿ, ಹೋಗಿ. ಯಾರೋ ಕೂಗ್ತಾ ಇದ್ದಾರೆ, ನಿಮ್ಮನ್ನೇ ಇರಬೇಕು.