ಗಾಳಮ್ಮನ ಎಡಸೊಂಟ

ಕುಂಬಾರನ ಆವಿಗೆಯಿಂದ ಆಗತಾನೆ ತೆಗೆದ ಮಡಕೆಯ ಹಾಗೆ ಭೂಮಿ ಹೊಸದಾಗಿ, ಇನ್ನೂ ಬಿಸಿಬಿಸಿಯಾಗಿದ್ದ ಕಾಲ. ಎಲ್ಲರಿಗೂ ಜಾಗ ಹಂಚಿ ಆಗಿತ್ತು. ಬೆಟ್ಟಕ್ಕೆ ಬುಡ ಸಿಕ್ಕಿತ್ತು. ಹೊಳೆಗೆ ಪಾತ್ರ ಸಿಕ್ಕಿತ್ತು. ಮರಕ್ಕೆ ಬೇರೂರಲು ನೆಲ ಸಿಕ್ಕಿತ್ತು. ಗಾಳಿಗೆ, ಅಂದರೆ ಗಾಳಮ್ಮನಿಗೆ, ಮಾತ್ರ ಏನೂ ಸಿಗಲಿಲ್ಲ. ಜಾಗ ಹಂಚಿದ ದಿನ ಅವಳು ಮೋಡಗಳನ್ನು ಅಟ್ಟಿಕೊಂಡು ಎಲ್ಲೋ ದೂರ ಹೋಗಿದ್ದಳು.

ಬೆಟ್ಟದ ಮೇಲೆ ಕೂರಲು ಹೋದರೆ ಬೆಟ್ಟ, "ಮುಂದೆ ಹೋಗಮ್ಮ" ಎನ್ನುತ್ತಿತ್ತು. ಕಾಡಿನಲ್ಲಿ ಕೂರಲು ಹೋದರೆ ಕಾಡು, "ಎಲೆ ಉದುರುತ್ತೆ, ಮುಂದೆ ಹೋಗಮ್ಮ" ಎನ್ನುತ್ತಿತ್ತು. ಮುಂದೆ ಹೋಗಿ ಹೋಗಿ ಗಾಳಮ್ಮನ ಕಾಲುಗಳು ಸೋತಿದ್ದವು.

ನಾವು ಈಗ ಅಟ್ಲಾಂಟಿಕ್ ಎಂದು ಕರೆಯುವ ಕಡಲು ಆಗಲೂ ಅಲ್ಲೇ ಇತ್ತು. ಅದರ ಒಡೆಯ ಕಡಲರಾಯ. ಒಂದು ಬೇಸಿಗೆಯಲ್ಲಿ ಸೂರ್ಯ ಅವನ ಬೆನ್ನನ್ನು ಎಷ್ಟು ಕಾಯಿಸಿದನೆಂದರೆ, ರಾಯ ಮಗ್ಗುಲು ಬದಲಿಸಿ ಬದಲಿಸಿ ನರಳತೊಡಗಿದ.

"ಗಾಳಮ್ಮಾ, ಮೈ ಸುಡ್ತಾ ಇದೆ. ಈ ಬಿಸಿನೀರನ್ನೆಲ್ಲ ಕೊಡದಲ್ಲಿ ತುಂಬಿ ಮೇಲಕ್ಕೆ ಹೊತ್ತು ಹಾಕು. ಬೇಸಿಗೆ ಕಳೆಯಲಿ, ನನ್ನ ಮೈಮೇಲೇ ನಿನಗೊಂದು ಜಾಗ ಬಿಟ್ಟುಕೊಡ್ತೀನಿ. ಅಲುಗದ ಜಾಗ. ಯಾರೂ ಏಳು ಅನ್ನದ ಜಾಗ."

"ಎಷ್ಟು ದೊಡ್ಡದು, ರಾಯರೇ?"

"ಮೊರದಷ್ಟು."

ಮೊರದಷ್ಟು ಸಾಕಾಗಿತ್ತು ಅವಳಿಗೆ. ಆ ಮಾತು ನಡೆದಾಗ ಆಕಾಶದಲ್ಲಿ ಚಂದ್ರ ಇದ್ದ. ನೀರಿನಲ್ಲಿ ತಿಮಿಂಗಿಲ ಇತ್ತು. ದಡದಲ್ಲಿ ತೆಂಗಿನಮರ ಇತ್ತು. ಎಲ್ಲರೂ ಕೇಳಿಸಿಕೊಂಡರು.

ಗಾಳಮ್ಮ ನೀರು ಹೊತ್ತಳು. ಎಡಸೊಂಟದ ಮೇಲೆ ಕೊಡ, ಬಲಗೈ ಬೀಸಿಕೊಂಡು, ಕಡಲಿಂದ ಆಕಾಶಕ್ಕೆ, ಆಕಾಶದಿಂದ ಕಡಲಿಗೆ. ಬಿಸಿ ಕೊಡ ಒತ್ತಿ ಒತ್ತಿ ಸೊಂಟದ ಚರ್ಮ ಸುಲಿಯಿತು. ಅಲ್ಲೊಂದು ದುಂಡನೆಯ ಕುಳಿ ಬಿತ್ತು. ಆದರೂ ಹೊತ್ತಳು. ಮೊರದಷ್ಟು ಜಾಗವನ್ನು ನೆನೆದುಕೊಂಡು ಹೊತ್ತಳು.

ಬೇಸಿಗೆ ತೀರುತ್ತ ಬಂತು. ರಾಯನ ಬೆನ್ನು ತಣ್ಣಗಾಯಿತು.

"ರಾಯರೇ, ನನ್ನ ಜಾಗ ತೋರಿಸಿ."

ಕಡಲರಾಯ ಆಕಳಿಸಿದ. "ಯಾವ ಜಾಗ?"

"ಮೊರದಷ್ಟು ಜಾಗ."

"ನಾನು ಹೇಳಿದ್ನಾ? ನೆನಪಿಲ್ಲ. ಸಾಕ್ಷಿ ಇದ್ದರೆ ಕರ್ಕೊಂಡು ಬಾ. ಇಲ್ಲ ಅಂದ್ರೆ ನನ್ನನ್ನ ಮೂರು ಸಲ ಬಲ ಬಂದು, ಕೈ ಮುಗಿದು ಕೇಳು. ಮುಂದಿನ ವರ್ಷ ನೋಡೋಣ."

ಗಾಳಮ್ಮನ ಒಳಗೆ ಏನೋ ಕುದಿಯಿತು. ಅವಳು ಅದನ್ನು ನುಂಗಿಕೊಂಡು ಚಂದ್ರನ ಹತ್ತಿರ ಹೋದಳು.

"ಅವತ್ತು ಅಮಾವಾಸ್ಯೆ ಕಣಮ್ಮ" ಎಂದ ಚಂದ್ರ. "ನಾನು ಇರಲೇ ಇಲ್ಲ."

ಅವತ್ತು ಅವನು ತಟ್ಟೆಯಷ್ಟು ದುಂಡಗೆ ಇದ್ದದ್ದನ್ನು ಗಾಳಮ್ಮ ಕಣ್ಣಾರೆ ಕಂಡಿದ್ದಳು.

"ನನ್ನ ಕಿವಿಗೆ ನೀರು ಹೋಗಿತ್ತು" ಎಂದಿತು ತಿಮಿಂಗಿಲ.

ತೆಂಗಿನಮರ ಮಾತ್ರ ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿ, "ಕೇಳಿಸ್ಕೊಂಡೆ ತಾಯಿ. ಆದರೆ ನಾನಿರೋದು ಅವನ ದಡದಲ್ಲಿ. ನಾಳೆಯೂ ಇಲ್ಲೇ ಬಾಳಬೇಕಲ್ಲ" ಎಂದಿತು.

ಗಾಳಮ್ಮನನ್ನು ಸುಳ್ಳುಗಳಿಗಿಂತ ಆ ನಿಜವೇ ಹೆಚ್ಚು ಉರಿಸಿತು.

ಆಗ ಕಡಲ ನಡುವಿನಿಂದ ಒಂದು ಕೀರಲು ದನಿ ಕೇಳಿಸಿತು. "ನಾನು ಕೇಳಿದೀನಿ!"

ಮರಳಿನ ದಿಬ್ಬವೊಂದರ ಮೇಲೆ ಒಂದು ಮುದಿ ಕಡಲಹಕ್ಕಿ ಕೂತಿತ್ತು. ಅದರ ಒಂದು ರೆಕ್ಕೆ ಮುರಿದು ಎಷ್ಟೋ ದಿನವಾಗಿತ್ತು. ಹಾರಲಾರದು, ದಿಬ್ಬ ಬಿಟ್ಟು ಎಲ್ಲಿಗೂ ಹೋಗಲಾರದು. ಬಾಯಿ ಮಾತ್ರ ಗಟ್ಟಿಯಾಗಿತ್ತು.

"ಮೊರದಷ್ಟು ಅಂದ. ಅಲುಗದ ಜಾಗ ಅಂದ. ಯಾರೂ ಏಳು ಅನ್ನದ ಜಾಗ ಅಂದ. ಈ ಕಿವಿಯಲ್ಲೇ ಕೇಳಿದೀನಿ. ಇಷ್ಟು ದೊಡ್ಡ ಮೈ ಇಟ್ಕೊಂಡು ಮೊರದಷ್ಟಕ್ಕೆ ಸುಳ್ಳು ಹೇಳ್ತಾನಲ್ಲ, ನಾಚಿಕೆ ಆಗಬೇಕು!"

ಕಡಲರಾಯ ಎದ್ದ. "ನನ್ನ ದಿಬ್ಬದ ಮೇಲೆ ಕೂತು ನನ್ನ ಮೇಲೇ ಸಾಕ್ಷಿ ಹೇಳ್ತೀಯಾ? ನಾನು ಹೇಳಿಲ್ಲ ಅನ್ನು."

"ಹೇಳಿದೆ."

ಒಂದು ಅಲೆ ಬಂತು. ಅರ್ಧ ದಿಬ್ಬ ಕರಗಿತು.

"ಹೇಳಿಲ್ಲ ಅನ್ನು."

"ಹೇಳಿದೆ."

ಇನ್ನೊಂದು ಅಲೆ ಬಂತು. ನೀರು ಹಕ್ಕಿಯ ಎದೆಗೆ ಬಂತು.

"ಹೇಳಿಲ್ಲ ಅನ್ನು!"

"ಹೇಳಿದೆ, ಹೇಳಿದೆ, ಹೇಳಿದೆ!" ನೀರು ಕೊಕ್ಕಿಗೆ ಬಂದಿತ್ತು. ಚಂದ್ರ ನೋಡುತ್ತಿದ್ದ. ತಿಮಿಂಗಿಲ ನೋಡುತ್ತಿತ್ತು. ತೆಂಗಿನಮರ ನೋಡುತ್ತಿತ್ತು.

ಅಲ್ಲಿಯವರೆಗೆ ಗಾಳಮ್ಮನಿಗೆ ಇದ್ದದ್ದು ತನ್ನ ಜಾಗದ ಸಿಟ್ಟು. ಈಗ ಬಂದದ್ದು ಬೇರೆಯೇ ಸಿಟ್ಟು. ಅದು ನುಂಗಿದರೆ ಒಳಗೆ ಹೋಗುವಂಥದ್ದಾಗಿರಲಿಲ್ಲ.

ಎರಗಿದಳು. ಮೂರನೆಯ ಅಲೆಯ ಬಾಯಿಂದ ಹಕ್ಕಿಯನ್ನು ಕಿತ್ತುಕೊಂಡಳು. ಕೊಡ ಕೂತು ಕೂತು ಕುಳಿಬಿದ್ದಿದ್ದ ಎಡಸೊಂಟದ ಮೇಲೆ ಅದನ್ನು ಏರಿಸಿಕೊಂಡಳು.

"ಥೂ! ಈ ವಯಸ್ಸಿನಲ್ಲಿ ನನ್ನನ್ನ ಕೂಸಿನ ಹಾಗೆ ಎತ್ಕೋತೀಯಲ್ಲೇ, ಇಳಿಸೇ!"

"ಸುಮ್ನೆ ಕೂತ್ಕೋ ಅಜ್ಜಿ. ನನ್ನ ಬಲಗೈಗೆ ಕೆಲಸ ಇದೆ."

ಆಮೇಲೆ ಕಡಲಿನ ಕಡೆ ತಿರುಗಿದಳು. ರಾಯರೇ ಎನ್ನಲಿಲ್ಲ.

"ಲೋ ಕಡಲೇ! ನಿನ್ನನ್ನ ಬಲ ಬರಬೇಕಾ? ಬರ್ತೀನಿ, ನೋಡ್ಕೋ!"

ಬಲಕ್ಕೆ ಸುತ್ತಲಿಲ್ಲ. ಹಕ್ಕಿಯನ್ನು ಎಡಕ್ಕೆ ಇಟ್ಟುಕೊಂಡು ಎಡಕ್ಕೇ ಸುತ್ತಿದಳು. ಒಂದು ಸುತ್ತಿಗೆ ಕಡಲು ಕಲಕಿತು. ಎರಡು ಸುತ್ತಿಗೆ ಅವಳು ಬೇಸಿಗೆಯೆಲ್ಲ ಹೊತ್ತು ಹಾಕಿದ್ದ ನೀರು ಬೆಳ್ಳನೆಯ ಮೋಡವಾಗಿ ಅವಳ ಸೆರಗಿಗೆ ಸುತ್ತಿಕೊಂಡಿತು. ಮೂರು ಸುತ್ತಿಗೆ ಕಡಲರಾಯನನ್ನು ಜುಟ್ಟು ಹಿಡಿದು ಎತ್ತಿ ಅವನ ದಡಕ್ಕೇ ಬಡಿದಳು.

"ಅಮಾವಾಸ್ಯೆ ಅಂದ್ಯಲ್ಲ, ಹಾಗೇ ಇರು!" ಎಂದು ಚಂದ್ರನ ಮುಖಕ್ಕೆ ಮೋಡ ಎಳೆದಳು. ತಿಮಿಂಗಿಲ ಕೇಳಿಸಿಕೊಳ್ಳಲು ನಿಲ್ಲದೆ ತಳಕ್ಕೆ ಮುಳುಗಿತು. "ಇಲ್ಲೇ ಬಾಳಬೇಕಲ್ಲ, ಬಾಳು!" ಎಂದು ತೆಂಗಿನಮರದ ತಲೆಯನ್ನು ಮರಳಿಗೆ ಮುಟ್ಟುವಷ್ಟು ಬಗ್ಗಿಸಿದಳು.

ಇಷ್ಟೆಲ್ಲ ಆಗುತ್ತಿದ್ದಾಗ ಸೊಂಟದ ಕುಳಿಯಲ್ಲಿ ಹಕ್ಕಿಯ ಒಂದು ಪುಕ್ಕವೂ ಅಲುಗಿರಲಿಲ್ಲ. ಸುತ್ತ ಎತ್ತರದ ಬಿಳಿ ಗೋಡೆ. ತಲೆಯ ಮೇಲೆ ದುಂಡನೆಯ ನೀಲಿ ಆಕಾಶ. ಹಕ್ಕಿ ಸುತ್ತಲೂ ನೋಡಿತು. ಮುರಿದ ರೆಕ್ಕೆಯನ್ನು ಚಾಚಿಕೊಂಡಿತು.

"ಗಾಳಮ್ಮಾ, ಇಲ್ಲಿ ಗಾಳಿಯೇ ಇಲ್ವಲ್ಲೇ! ಮೊರದಷ್ಟು ಜಾಗ. ಅವನು ಕೊಡದೇ ಇದ್ದದ್ದು ನಿನ್ನ ಹತ್ತಿರವೇ ಇದೆ. ಬಾ, ನೀನೂ ಕೂತ್ಕೋ."

"ನಾನು ಸುತ್ತೋದು ಬಿಟ್ಟು ಕೂತರೆ ಆ ಜಾಗ ಇರಲ್ಲ, ಅಜ್ಜಿ" ಎಂದಳು ಗಾಳಮ್ಮ. "ನೀನು ಕೂತ್ಕೋ. ಸಾಕ್ಷಿ ಹೇಳಿದೋಳು ನೀನು."

ಹಾಗೆ ಸುತ್ತುತ್ತ ಸುತ್ತುತ್ತ, ದಿನಗಟ್ಟಲೆ ನಡೆದು, ಮೂಡಲ ದಡದಿಂದ ಪಡುವಣ ದಡಕ್ಕೆ ಬಂದಳು. ಅಲ್ಲಿ ಕಡಲರಾಯನ ಕೈಗೆ ಎಟುಕದ ಗಟ್ಟಿನೆಲ ನೋಡಿ ಹಕ್ಕಿಯನ್ನು ಇಳಿಸಿದಳು. ಸೊಂಟ ಖಾಲಿಯಾಯಿತು. ಕುಳಿ ಮುಚ್ಚಿಕೊಂಡಿತು. ಬಲಗೈ ಸೋತು ಜೋತುಬಿತ್ತು. ಸಿಟ್ಟೆಲ್ಲ ಮಳೆಯಾಗಿ ಸುರಿದು ಹೋದ ಮೇಲೆ ಅವಳು ಒಂದು ಬೆಟ್ಟದ ತಪ್ಪಲಲ್ಲಿ ಮೆಲ್ಲಗೆ ಕೂರಲು ಹೋದಳು.

"ಮುಂದೆ ಹೋಗಮ್ಮ" ಎಂದಿತು ಬೆಟ್ಟ.

ಅದಕ್ಕೇ ಪ್ರತಿ ವರ್ಷ ಕಡಲು ಕಾದಾಗ ಗಾಳಮ್ಮ ಹೋಗಿ, "ನನ್ನ ಜಾಗ ಎಲ್ಲಿ?" ಎಂದು ಕೇಳುತ್ತಾಳೆ. ಕಡಲರಾಯ ಆಕಳಿಸಿ, "ಯಾವ ಜಾಗ?" ಎನ್ನುತ್ತಾನೆ. ಅವಳು ಆ ಮುದಿಹಕ್ಕಿಯ ಮೊಮ್ಮಕ್ಕಳಲ್ಲಿ ಯಾರನ್ನಾದರೂ ಎಡಸೊಂಟಕ್ಕೆ ಏರಿಸಿಕೊಂಡು ಹೊರಡುತ್ತಾಳೆ. ಆ ಸೊಂಟ ತಮ್ಮ ಊರಿನ ಮೇಲೆ ಹಾಯುವಾಗ ಗಾಳಿ ನಿಂತಿತೆಂದು ಕೆಲವರು ಬಾಗಿಲು ತೆರೆಯುತ್ತಾರೆ. ತೆರೆಯಬಾರದು. ಅವಳ ಬಲಗೈ ಇನ್ನೂ ಬರುವುದಿರುತ್ತದೆ.

ಮಗೂ, ಭೂಮಿಯನ್ನು ಸುತ್ತುವ ಉಪಗ್ರಹ ಮೇಲಿಂದ ತೆಗೆದ ಚಿತ್ರವನ್ನು ಟೀವಿಯಲ್ಲಿ ತೋರಿಸುವಾಗ ನೀನೇ ನೋಡು: ಎಡಕ್ಕೆ ಸುತ್ತುವ ಆ ದೊಡ್ಡ ಬಿಳಿ ಚಕ್ರದ ನಡುವೆ, ದೊಡ್ಡವರು ಚಂಡಮಾರುತದ ಕಣ್ಣು ಎನ್ನುವ ಕಪ್ಪು ಚುಕ್ಕೆಯೊಳಗೆ ಇವತ್ತಿಗೂ ಒಂದು ಹಕ್ಕಿ ಅಲುಗದೆ ಕೂತಿದೆ, ಅದರ ಸುತ್ತ ಇವತ್ತಿಗೂ ಕೂರಲು ಜಾಗ ಸಿಗದ ಗಾಳಮ್ಮ ತಿರುಗುತ್ತಿದ್ದಾಳೆ.