ಕದ್ದು ತಂದ ಬಳ್ಳಿ

“ಗುರುಗಳೇ, ಮನಿ ಪ್ಲಾಂಟನ್ನು ಮನೆಯ ಯಾವ ಮೂಲೆಯಲ್ಲಿ ಇಟ್ಟರೆ ಒಳ್ಳೆಯದು?” ಎಂದು ತಿಪ್ಪೇಶ ಕೇಳಿದ.

ಮಠದ ಜಗಲಿಯಲ್ಲಿ ಕೂತಿದ್ದನೇ ಹೊರತು ಅವನ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆಯೇ ಇತ್ತು. ಕೈಯಲ್ಲಿ ಒಂದು ನೋಟ್‌ಬುಕ್ಕು. ಆಗ್ನೇಯ ಎಂದವರು ಇಬ್ಬರು, ಉತ್ತರ ಎಂದವರು ಒಬ್ಬರು, ಮನೆಯೊಳಗೆ ಇಡಲೇಬೇಡಿ ಎಂದವರು ಇನ್ನೊಬ್ಬರು. ಎಲ್ಲವನ್ನೂ ಬರೆದುಕೊಂಡಿದ್ದ. ಸೋಮವಾರ ಅವನ ಹೆಂಡತಿಗೆ ಆಪರೇಷನ್ ಇತ್ತು. ಅಷ್ಟರೊಳಗೆ ಶುಭ ತರುವ ಗಿಡಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಇರಬೇಕು ಎಂಬುದು ಅವನ ಹಟ. ಮೂರು ದಿನದಿಂದ ಇದೇ ಕೆಲಸಕ್ಕೆ ಸುತ್ತುತ್ತಿದ್ದ. ಹೆಂಡತಿ ಮನೆಯಲ್ಲಿ ಒಬ್ಬಳೇ ಇದ್ದಳು.

ಗುರುಗಳು ಅವನ ಕಾಲನ್ನು ನೋಡಿದರು, ನೋಟ್‌ಬುಕ್ಕನ್ನೂ ನೋಡಿದರು. “ಒಂದು ಕತೆ ಹೇಳುತ್ತೇನೆ. ಆಮೇಲೆ ಬರೆದುಕೊಳ್ಳುವೆಯಂತೆ” ಎಂದು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು. ಮದುವೆಯಾಗಿ ಹೋದವಳು ಈಗ ಹೆರಿಗೆಗೆಂದು ತಂದೆಯ ಮನೆಗೆ ಬಂದಿದ್ದಳು. ಹಿಂದಿನ ವರ್ಷ ಐದು ತಿಂಗಳಿಗೇ ಅವಳ ಬಸಿರು ಇಳಿದುಹೋಗಿತ್ತು. ಈ ಸಲ ಹಾಗಾಗಬಾರದು ಎಂಬುದೊಂದೇ ವ್ಯಾಪಾರಿಯ ತಲೆಯಲ್ಲಿ. ಊಟಕ್ಕೆ ಕೂತರೂ ಅದೇ, ಹೆಂಗಸರ ಕೈ ಹಿಡಿದು ಬಳೆ ಏರಿಸುವಾಗಲೂ ಅದೇ. ಎಂದೂ ಕೈತಪ್ಪದವನು ದಿನಕ್ಕೆ ನಾಲ್ಕು ಬಳೆ ಒಡೆಯತೊಡಗಿದ.

ಎದುರುಮನೆಯಲ್ಲಿ ಒಬ್ಬಳು ಮುದುಕಿ. ಮೂವರು ಸೊಸೆಯರು, ಐವರು ಮೊಮ್ಮಕ್ಕಳು, ಐದು ಹೆರಿಗೆಯೂ ಸುಸೂತ್ರ. ಆ ಮನೆಯ ಕಾಂಪೌಂಡಿನ ಮೇಲೆ ಮನಿ ಪ್ಲಾಂಟ್ ಬಳ್ಳಿ ಗೋಡೆಯೇ ಕಾಣದಂತೆ ಹಬ್ಬಿತ್ತು. ವ್ಯಾಪಾರಿ ಹೆರಿಗೆಗೂ ಬಳ್ಳಿಗೂ ಗಂಟು ಹಾಕಿದ. ಆದರೆ ಆ ಬಳ್ಳಿಯನ್ನು ಕೇಳಿ ತರುವಂತಿಲ್ಲ, ಕೊಂಡು ತರುವಂತಿಲ್ಲ. ಕದ್ದು ತಂದರೇ ಫಲ ಎಂಬ ನಂಬಿಕೆ ನಮ್ಮ ಜನರಲ್ಲಿ ಉಂಟಲ್ಲ. ಹುಟ್ಟಿದಾಗಿನಿಂದ ಇನ್ನೊಬ್ಬರ ಗುಂಡುಸೂಜಿ ಮುಟ್ಟದ ಮನುಷ್ಯ, ಬೀದಿಯೆಲ್ಲ ಉಂಡು ಅಡ್ಡಾದ ಒಂದು ಮಧ್ಯಾಹ್ನ, ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಬೀದಿ ದಾಟಿದ. ಗೇಟು ಸದ್ದಿಲ್ಲದೆ ತೆರೆಯಿತು. ಗೇಣುದ್ದದ ತುಂಡೊಂದನ್ನು ಕತ್ತರಿಸಿಕೊಂಡು ಓಡಿಬಂದ. ಅದನ್ನು ನೀರು ತುಂಬಿದ ಬಾಟಲಿಯೊಂದರಲ್ಲಿ ಇಟ್ಟ.

ಕದ್ದದ್ದಾಯಿತು, ಇನ್ನು ಸಾಕುವುದು ಹೇಗೆ? ನರ್ಸರಿಗೆ ಹೋಗಿ ಕೇಳಿದ. ನರ್ಸರಿಯವನು ಫೆಂಗ್ ಶೂಯಿ ಎಂಬ ಚೀನೀ ಶಾಸ್ತ್ರದ ಕಿರುಪುಸ್ತಕವೊಂದನ್ನು ಕೈಗಿತ್ತ. ಅಲ್ಲಿಂದ ವ್ಯಾಪಾರಿಯ ನೆಮ್ಮದಿ ಇನ್ನಷ್ಟು ಕೆಟ್ಟಿತು. ಬಳ್ಳಿ ಮೇಲಕ್ಕೆ ಹಬ್ಬಬೇಕು, ಕೆಳಗೆ ಜೋಲಬಾರದು. ಬಾಗಿಲ ಬಳಿ ದಪ್ಪ ಎಲೆಯ ಜೇಡ್ ಗಿಡ ಇರಬೇಕು. ಅದೃಷ್ಟಕ್ಕೆಂದು ಮನೆಯೊಳಗೆ ಇಡುವ ಬಿದಿರಿನ ಕಡ್ಡಿ ಮೂರಾದರೆ ಸುಖ, ನಾಲ್ಕು ಬೇಡವೇ ಬೇಡ. ಮುಳ್ಳಿನ ಗಿಡ ಮನೆಗೆ ಆಗದು. ಅವನು ಜೇಡ್ ಗಿಡವನ್ನೂ ಮೂರು ಬಿದಿರು ಕಡ್ಡಿಗಳನ್ನೂ ಕೊಂಡು ತಂದ, ಮಗಳ ತಾಯಿ ನೆಟ್ಟಿದ್ದ ಗುಲಾಬಿಯನ್ನು ಅಂದೇ ಕಿತ್ತು ಹಾಕಿದ.

ಪುಸ್ತಕವನ್ನು ಬೈದು ಪ್ರಯೋಜನವಿಲ್ಲ. ನೀರನ್ನು ವಾರಕ್ಕೊಮ್ಮೆ ಬದಲಿಸಿ ಎಂದು ಅದರಲ್ಲಿ ಇತ್ತು, ಇವನು ದಿನಕ್ಕೆರಡು ಸಲ ಬದಲಿಸಿದ. ನೇರ ಬಿಸಿಲು ಬೇಡ ಎಂದಿತ್ತು, ಇವನು ಕಿಟಕಿಯನ್ನೇ ಮುಚ್ಚಿದ. ಆಗ್ನೇಯದಲ್ಲಿಡಿ ಎಂದಿತ್ತು. ಆಗ್ನೇಯ ಎಂದರೆ ಇಡೀ ಮನೆಯದೋ, ನಡುಮನೆಯದೋ ಎಂಬ ಅನುಮಾನ ಹತ್ತಿ ಬಳ್ಳಿಯ ಬಾಟಲಿಯನ್ನು ಎತ್ತಿಕೊಂಡು ಮನೆಯೆಲ್ಲ ಓಡಾಡಿದ. ಬೇರು ಬಿಡಲು ಆ ಬಳ್ಳಿಗೆ ಪುರಸೊತ್ತು ಎಲ್ಲಿ?

ಸಾಲದ್ದಕ್ಕೆ ದೃಷ್ಟಿಯ ಭಯ ಬೇರೆ. ತಾನು ಕದ್ದಂತೆ ಇನ್ನೊಬ್ಬರು ಬಂದು ಕದ್ದರೆ? ಬಂದವರ ಕಣ್ಣು ಚಿಗುರಿನ ಮೇಲೆ ಬಿದ್ದರೆ?

ತುಂಬು ಬಸುರಿಗೆ ಬಯಕೆಯ ಅಡುಗೆ ತಂದುಕೊಡುವುದು, ಕೈತುಂಬ ಹಸಿರು ಬಳೆ ತೊಡಿಸುವುದು ಆ ಬೀದಿಯ ರೂಢಿ. ತಾಯಿಯಿಲ್ಲದ ಹುಡುಗಿ ಎಂದು ಹೆಂಗಸರಿಗೆ ಇವಳ ಮೇಲೆ ಅಕ್ಕರೆಯೂ ಹೆಚ್ಚು. ಹೋಳಿಗೆ, ಚಿತ್ರಾನ್ನ, ಬಳೆ ಹಿಡಿದುಕೊಂಡು ಬಂದರು. ವ್ಯಾಪಾರಿ ಹೊಸ್ತಿಲಲ್ಲೇ ನಿಂತು, ಮಗಳು ಮಲಗಿದ್ದಾಳೆ ಎಂದ. ಇನ್ನೊಂದು ದಿನ ಬಂದರು. ಸ್ನಾನಕ್ಕೆ ಹೋಗಿದ್ದಾಳೆ ಎಂದ. ಮೂರನೆಯ ಸಲ ಅವರು ಬರಲಿಲ್ಲ. ಊರ ಬಸುರಿಯರಿಗೆಲ್ಲ ಬಳೆ ಏರಿಸಿದವನ ಮಗಳ ಕೈಯಲ್ಲಿ ಎರಡೇ ಎರಡು ಹಳೆಯ ಬಳೆ ಉಳಿದವು.

“ಅಪ್ಪಾ, ಅವರು ನನ್ನ ನೋಡೋಕೆ ಬಂದಿದ್ದು. ಗಿಡ ನೋಡೋಕಲ್ಲ” ಎಂದಳು ಮಗಳು.

“ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ. ಇದೆಲ್ಲ ನಿಂಗೋಸ್ಕರಾನೇ” ಎಂದ ವ್ಯಾಪಾರಿ. ಅದು ಸುಳ್ಳಲ್ಲ. ಅವಳನ್ನು ಕಂಡರೆ ಅವನಿಗೆ ಜೀವ. ಆದರೆ ಆ ಮಾತು ಹೇಳುವಾಗಲೂ ಅವನ ಕಣ್ಣು ಬಾಟಲಿಯ ನೀರಿನ ಮೇಲಿತ್ತು.

ದಿನ ತುಂಬಿತು. ಒಂದು ಬೆಳಿಗ್ಗೆ ಎದ್ದು ನೋಡುತ್ತಾನೆ, ಬಳ್ಳಿಯ ಒಂದು ಎಲೆ ಹಳದಿಯಾಗಿದೆ. ಮೂರು ಬಿದಿರು ಕಡ್ಡಿಗಳಲ್ಲಿ ಒಂದು ಬುಡದಲ್ಲಿ ಕೊಳೆತಿದೆ. ಪುಸ್ತಕ ತೆರೆದ, ಮುಚ್ಚಿದ, ಮತ್ತೆ ತೆರೆದ. ಹೊಸ ಬಿದಿರು ಇವತ್ತೇ ಬರಬೇಕು. ನರ್ಸರಿ ಇರುವುದು ಪಕ್ಕದ ಊರಿನಲ್ಲಿ. ಚಪ್ಪಲಿ ಮೆಟ್ಟಿದ.

“ಅಪ್ಪಾ, ಬೆಳಗಿನಿಂದ ಸೊಂಟ ನೋಯ್ತಿದೆ. ಇವತ್ತು ಹೋಗಬೇಡ.”

“ಅದಕ್ಕೇ ಹೋಗ್ತಿರೋದು!” ಎಂದ.

ಯಾರಾದರೂ ಬಂದು ಕರೆದರೆ ಮಗಳು ಬಾಗಿಲು ತೆರೆದುಬಿಡುತ್ತಾಳೆ ಎಂದು ಹೊರಗಿನಿಂದ ಬೀಗ ಹಾಕಿದ. ಎರಡು ಸಲ ಜಗ್ಗಿ ನೋಡಿದ.

ಬಿದಿರಿನ ಕುಂಡವನ್ನು ಎದೆಗವಚಿಕೊಂಡು ಅವನು ಹಿಂತಿರುಗಿದಾಗ ಮಧ್ಯಾಹ್ನ ದಾಟಿತ್ತು. ಬೀಗ ಒಡೆದು ಹೊಸ್ತಿಲ ಮೇಲೆ ಬಿದ್ದಿತ್ತು. ಬಾಗಿಲು ಹಾರುಹೊಡೆದಿತ್ತು. ಜೇಡ್ ಗಿಡ ಉರುಳಿ ಮಣ್ಣು ಚೆಲ್ಲಿತ್ತು. ಒಳಗೆ ಮಗಳಿಲ್ಲ. ಕೋಣೆ, ಅಡುಗೆಮನೆ, ಹಿತ್ತಿಲು, ಎಲ್ಲೂ ಇಲ್ಲ. ಕುಂಡವನ್ನು ಕೆಳಗಿಡುವುದೂ ತೋಚದೆ ಅವನು ಎದುರುಮನೆಗೆ ಓಡಿದ. ಜಗಲಿಯಲ್ಲಿ ಮುದುಕಿ ಒಬ್ಬಳೇ ಕೂತಿದ್ದಳು.

“ಹೆದರಬೇಡಪ್ಪ” ಎಂದಳು ಮುದುಕಿ. “ನೋವು ಶುರುವಾಗಿತ್ತು. ಪಾಪ, ಮುಚ್ಚಿದ ಕಿಟಕಿ ತೆಗೆದು ಕೂಗಿಕೊಂಡಳು. ನಮ್ಮ ಸೊಸೆಯರು ಬೀಗ ಒಡೆದು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಬರಿಗೈಲಿ ಕಳಿಸಬಾರದು ಅಂತ ಕಿರಿಯವಳು ತನ್ನ ಕೈಯ ಹಸಿರು ಬಳೆ ಬಿಚ್ಚಿ ತೊಡಿಸಿದಳು. ನಿನ್ನ ಅಂಗಡೀವೇ.”

“ಅಮ್ಮಾ, ನಾನು ನಿಮ್ಮ ಬಳ್ಳಿ ಕದ್ದಿದ್ದೆ” ಎಂದ ವ್ಯಾಪಾರಿ.

“ನೋಡಿದ್ದೆ. ಕಿಟಕಿ ಹತ್ರಾನೇ ಕೂತಿದ್ದೆ. ಈ ಬೀದೀಲಿ ಅದನ್ನ ಕದಿಯದೇ ಇರೋರು ಯಾರಿದ್ದಾರೆ? ಒಂದು ಕಡೆ ಕತ್ತರಿಸಿದ್ರೆ ಎರಡು ಚಿಗುರು ಹೊಡೆಯುತ್ತೆ. ಅದಕ್ಕೇ ಇಷ್ಟು ಹಬ್ಬಿರೋದು. ಕದಿಯೋರಿಗೆ ತೊಂದರೆ ಆಗಬಾರದು ಅಂತ ಗೇಟಿನ ಚಿಲಕ ತೆಗೆಸಿದ್ದೀನಿ. ಕಿರ್ ಅನ್ನದ ಹಾಗೆ ತಿಂಗಳಿಗೊಂದ್ಸಲ ಎಣ್ಣೆಯೂ ಬಿಡ್ತೀನಿ. ಈಗ ನಿಂತು ಮಾತಾಡಬೇಡ. ಹೋಗು, ಆ ಹುಡುಗಿ ಅಪ್ಪ ಎಲ್ಲಿ ಅಂತ ಕೇಳ್ತಾನೇ ಹೋದ್ಲು.”

ವ್ಯಾಪಾರಿ ಬಿದಿರಿನ ಕುಂಡವನ್ನು ಅಲ್ಲೇ ಬಿಟ್ಟು ಓಡಿದ. ತನ್ನ ಮನೆಯ ಬಾಗಿಲು ತೆರೆದೇ ಇದೆ ಎಂಬುದೂ ಅವನಿಗೆ ನೆನಪಾಗಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಇನ್ನೂ ಇದೆಯೇನೋ ಎಂದು ತಿಪ್ಪೇಶ ಕಾದ. ಅವನು ಕಾಲು ಅಲ್ಲಾಡಿಸಿದ, ನೋಟ್‌ಬುಕ್ಕು ತೆರೆದ, ಪೆನ್ನಿನ ಮುಚ್ಚಳ ತೆಗೆದ.

“ಆಮೇಲೆ ಆ ಬಳ್ಳಿಯನ್ನು ಅವನು ಯಾವ ಮೂಲೆಯಲ್ಲಿ ಇಟ್ಟ, ಗುರುಗಳೇ? ಕೊನೆಗೂ ಚಿಗುರಿತೇ?”

ಗುರುಗಳು ಕೈಚಾಚಿ ಅವನ ನೋಟ್‌ಬುಕ್ಕನ್ನು ಮುಚ್ಚಿದರು.

“ಬಳ್ಳಿಗೆ ಏನಾಯಿತು ಎಂದು ಕೇಳಿದೆ, ಮಗಳಿಗೆ ಏನಾಯಿತು ಎಂದು ಕೇಳಲೇ ಇಲ್ಲವಲ್ಲಪ್ಪ.”