ಒಂಬತ್ತನೆಯ ವರ್ಷದ ಬಳೆ

“ಗುರುಗಳೇ, ಯಂತ್ರಗಳು ನಮ್ಮ ಬದುಕನ್ನು ಊಹಿಸದಂತೆ ಕಾನೂನು ಬೇಕೆಂದು ಜನ ಕೂಗುತ್ತಿದ್ದಾರೆ. ತಪ್ಪು ಮಾಡದವರಿಗೆ ಮರೆ ಯಾಕೆ?” ಎಂದು ಶಿಷ್ಯ ಕೇಳಿದ.

“ಬಲು ಸಲೀಸಾಗಿ ಕೇಳಿಬಿಟ್ಟೆಯಪ್ಪ! ಕೂತುಕೋ,” ಎಂದು ಗುರು ಕತೆ ಹೇಳಿದರು.

ಒಬ್ಬ ತಾಯಿ. ಅವಳ ಹೆಣ್ಣುಮಗು ಮೂರು ತಿಂಗಳಿಗೇ ತೀರಿಕೊಂಡಿತು. ಅಳುವಷ್ಟು ಅತ್ತು ಸುಮ್ಮನಾದಳು. ಆದರೆ ವರ್ಷವರ್ಷವೂ ಮಗು ಹುಟ್ಟಿದ ದಿನ ಬಳೆಗಾರನಲ್ಲಿಗೆ ಹೋಗಿ ಒಂದು ಜೊತೆ ಪುಟ್ಟ ಬಳೆ ತರುತ್ತಿದ್ದಳು. ಪ್ರತಿ ಸಲವೂ ಒಂದು ಅಳತೆ ದೊಡ್ಡದು. ಮಗಳಿದ್ದಿದ್ದರೆ ಈಗ ಅವಳ ಕೈ ಇಷ್ಟಾಗಿರುತ್ತಿತ್ತು ಎಂದು ಬಳೆಯೊಳಗೆ ಬೆರಳಾಡಿಸಿ ಪೆಟ್ಟಿಗೆಯಲ್ಲಿಡುವಳು. ಗಂಡನಿಗೂ ಹೇಳಿರಲಿಲ್ಲ. ಮಗಳ ಮೇಲಿನ ಆಸೆ ತೀರಿಸಿಕೊಳ್ಳಲು ಅವಳಿಗಿದ್ದದ್ದು ಅದೊಂದೇ.

ಕೈ ನೋಡದೆ ಬಳೆ ಕೊಡಬಾರದೆಂಬುದು ಬಳೆಗಾರನ ನೇಮ. ಮೊದಲ ವರ್ಷ, “ಮಗೂನ ಕರ್ಕೊಂಡು ಬನ್ನಿ ತಾಯಿ,” ಎಂದ. ಅವಳ ಮುಖ ನೋಡಿದ. ಮತ್ತೆಂದೂ ಕೇಳದೆ ಬಳೆ ಕಟ್ಟಿಕೊಟ್ಟ.

ಈ ನಡುವೆ ಒಬ್ಬ ವರ್ತಕ ಪೇಟೆಯ ಅಂಗಡಿಗಳಲ್ಲೆಲ್ಲ ಯಂತ್ರ ಇಡಿಸಿದ. ಯಾರು ಏನು ಕೊಂಡರೆಂದು ನೋಡಿ ಮನೆಯೊಳಗೆ ಯಾರಿದ್ದಾರೆಂದು ಹೇಳುವ ಯಂತ್ರ ಅದು. ಎಂಟನೆಯ ವರ್ಷ ಬಳೆಗಾರನ ಅಂಗಡಿಯ ಯಂತ್ರ ಬಳೆಯ ಅಳತೆ ನೋಡಿ, ಈ ತಾಯಿಯ ಮನೆಯಲ್ಲಿ ಎಂಟು ವರ್ಷದ ಹುಡುಗಿಯಿದ್ದಾಳೆ ಎಂದಿತು. ವರ್ತಕ ಆ ಸುದ್ದಿಯನ್ನು ಬಟ್ಟೆಯವನಿಗೆ ಮಾರಿದ.

ಬಟ್ಟೆಯವನು ಲಂಗದ ಗಂಟು ಹೊತ್ತು ಬಾಗಿಲಿಗೆ ಬಂದು, “ಮಗಳನ್ನ ಕರೀರಮ್ಮ, ಅಳತೆ ನೋಡೋಣ,” ಎಂದ. ಅಕ್ಕಪಕ್ಕದವರು ಇಣುಕಿದರು. ತಾಯಿ ಒಂದು ಗಳಿಗೆ ನಿಜವಾಗಿಯೂ ಒಳಗೆ ತಿರುಗಿ ನೋಡಿದಳು. ಅಯ್ಯೋ, ಆ ಗಳಿಗೆ ಯಾರಿಗೂ ಬರಬಾರದು.

ಅವಳು ವರ್ತಕನ ಮೇಲೆ ದೂರು ಹೊತ್ತು ನ್ಯಾಯಾಧಿಕಾರಿಯ ಮುಂದೆ ನಿಂತಳು. “ನಾನೇನು ಕದ್ದೆನೇ? ಊಹಿಸಿದೆ ಅಷ್ಟೆ,” ಎಂದ ವರ್ತಕ. ನ್ಯಾಯಾಧಿಕಾರಿ ಹೊಸ ಕಾನೂನು ಬರೆಸಿದರು. ಒಪ್ಪಿಗೆಯಿಲ್ಲದೆ ಯಾರ ಮನೆಯೊಳಗನ್ನೂ ಊಹಿಸಬಾರದು. ಈಗಾಗಲೇ ಊಹಿಸಿದ್ದನ್ನು ಆ ಮನೆಯವರಿಗೆ ತೋರಿಸಬೇಕು, ಅವರು ಬೇಡವೆಂದರೆ ಅಳಿಸಬೇಕು.

ಯಂತ್ರ ತಂದು ತೋರಿಸಿದರು. ಹೆಣ್ಣುಮಗು, ಎಂಟು ವರ್ಷ ಎಂದಿತ್ತು. ಇಡೀ ಊರಿನಲ್ಲಿ ಅವಳ ಮಗಳು ಬದುಕಿದ್ದದ್ದು ಅಲ್ಲಿ ಮಾತ್ರ. ತುಂಬಾ ಹೊತ್ತು ನೋಡಿದಳು. ಎಂಟು ವರ್ಷ ಬಾಯಿಬಿಟ್ಟು ಹೇಳದೆ ಉಳಿಸಿಕೊಂಡಿದ್ದನ್ನು ಎಲ್ಲರೆದುರು ಅವಳೇ ಹೇಳಬೇಕಾಯಿತು.

“ಅವಳಿಲ್ಲ. ಅಳಿಸಿ.”

ಮರುವರ್ಷ ಆ ದಿನ ಬಳೆಗಾರ ಒಂಬತ್ತನೆಯ ಅಳತೆಯದೊಂದು ಜೊತೆ ತೆಗೆದಿಟ್ಟುಕೊಂಡು ಸಂಜೆಯವರೆಗೂ ಕಾದ. ಅವಳು ಬರಲಿಲ್ಲ.

“ಕಾನೂನು ಬಂದಿತ್ತಲ್ಲ, ಗುರುಗಳೇ?” ಎಂದ ಶಿಷ್ಯ.

“ಬಂತು, ಅವಳಿಗೆ ತಡವಾಗಿ. ತಪ್ಪು ಮಾಡದವರಿಗೆ ಮರೆ ಯಾಕೆ ಅಂದೆಯಲ್ಲ, ಆ ತಾಯಿ ಮಾಡಿದ ತಪ್ಪು ಯಾವುದು, ಹೇಳು.”